ಕಲ್ಲಿನ ಕಮಾನು ಮತ್ತು ರೇಖಾಗಣಿತ: ಬ್ಲೊಂದೆಲ್ ಸೂತ್ರದ ಪುನರ್ವಿಮರ್ಶೆ

ಕಲ್ಲಿನ ಕಮಾನನ್ನು ಕುರಿತು ಬರೆದವರಲ್ಲಿ ಎರಡು ಪಂಗಡಗಳುಂಟು. ಹಳೆಯ ಶಿಲ್ಪಿಗಳು ಕೈವಾರ ಮತ್ತು ಅಳತೆಗೋಲುಗಳಿಂದ ಎಳೆದ ಆಕೃತಿಗಳಲ್ಲಿಯೇ ಕಟ್ಟಡದ ಭದ್ರತೆಯ ರಹಸ್ಯವೆಲ್ಲ ಅಡಗಿದೆಯೆಂದು ನಂಬುವವರು ಒಂದು ಪಂಗಡ. ಆ ಆಕೃತಿಗಳು ಬಲಶಾಸ್ತ್ರವನ್ನರಿಯದ ಕಾಲದ ಕಣ್ಣಳತೆಯೇ ಹೊರತು ಬೇರೇನೂ ಅಲ್ಲವೆಂದು ತಳ್ಳಿಹಾಕುವವರು ಇನ್ನೊಂದು ಪಂಗಡ. ಇವೆರಡು ಅಭಿಪ್ರಾಯಗಳೂ ಪರೀಕ್ಷೆಗೆ ನಿಲ್ಲುವುದಿಲ್ಲವೆಂಬುದನ್ನು ಒಂದು ನಿರ್ದಿಷ್ಟ ಸೂತ್ರದ ಮೂಲಕ ತೋರಿಸುವುದು ಈ ಲೇಖನದ ಉದ್ದೇಶ. ಇದು ಬರಿಯ ಇತಿಹಾಸದ ಚರ್ಚೆಯಲ್ಲ. ರಸ್ತೆ ರೈಲುಗಳ ಭಾರವನ್ನು ಹೊತ್ತು ಇಂದಿಗೂ ನಿಂತಿರುವ ಕಲ್ಲುಸೇತುವೆಗಳಲ್ಲಿ ಒಂದು ಬಿರುಕು ಕಾಣಿಸಿಕೊಂಡಾಗ, ಅದನ್ನು ಕೆಡವಬೇಕೋ ಉಳಿಸಬೇಕೋ ಎಂಬ ತೀರ್ಮಾನವು, ಕಮಾನಿನ ಭದ್ರತೆ ಎಲ್ಲಿದೆಯೆಂದು ನಾವು ತಿಳಿದಿದ್ದೇವೋ ಅದನ್ನು ಅವಲಂಬಿಸಿರುತ್ತದೆ.

ನಮ್ಮ ಭಾಷೆಯೇ ಈ ವಿಷಯಕ್ಕೆ ಒಳ್ಳೆಯ ಪ್ರವೇಶವನ್ನು ಒದಗಿಸಿದೆ. ಪಾರಸಿಯಿಂದ ಬಂದ ‘ಕಮಾನು’ ಎಂಬ ಮಾತಿಗೆ ಬಿಲ್ಲು ಎಂದೇ ಅರ್ಥ. ಭಾರತೀಯ ಗಣಿತದಲ್ಲಿ ವೃತ್ತಖಂಡದ ಕಂಸಕ್ಕೆ ಚಾಪವೆಂದೂ, ಅದರ ಎರಡು ತುದಿಗಳನ್ನು ಸೇರಿಸುವ ಸರಳರೇಖೆಗೆ ಜ್ಯಾ ಎಂದೂ, ಅವೆರಡರ ನಡುವಣ ಎತ್ತರಕ್ಕೆ ಶರವೆಂದೂ ಹೆಸರು. ಬಿಲ್ಲು, ಹೆದೆ, ಬಾಣ ಎಂಬ ಈ ಮೂರರಲ್ಲಿ ಕಲ್ಲಿನ ಕಮಾನಿಗೆ ಇಲ್ಲದಿರುವುದು ಹೆದೆ ಮಾತ್ರ. ಬಿಲ್ಲಿನ ತುದಿಗಳು ಹೊರಕ್ಕೆ ಸರಿಯದಂತೆ ಹೆದೆಯು ಎಳೆದು ಹಿಡಿದಿರುತ್ತದೆ; ಕಮಾನಿನ ಕಾಲುಗಳು ಹೊರಕ್ಕೆ ಸರಿಯದಂತೆ ಪಕ್ಕದ ಆಸರೆಗೋಡೆಯು ಒತ್ತಿ ಹಿಡಿಯಬೇಕು. ಆ ಗೋಡೆ ಎಷ್ಟು ದಪ್ಪವಿರಬೇಕು? ಕಮಾನನ್ನು ಕಟ್ಟುವವನ ಮುಂದಿರುವ ಮೊದಲ ಪ್ರಶ್ನೆ ಇದೇ.

೧. ಸೂತ್ರದ ಸ್ವರೂಪ

ಈ ಪ್ರಶ್ನೆಗೆ ಫ್ರಾನ್ಸಿನ ದೆರಾಂ ಎಂಬ ಜೆಸ್ವಿಟ್ ಪಾದ್ರಿಯು ೧೬೪೩ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಒಂದು ಉತ್ತರವನ್ನು ಕೊಟ್ಟಿದ್ದಾನೆ. ಪ್ಯಾರಿಸಿನ ರಾಜಕೀಯ ವಾಸ್ತುಶಿಲ್ಪ ಅಕಾಡೆಮಿಯ ನಿರ್ದೇಶಕನಾಗಿದ್ದ ಫ್ರಾನ್ಸ್ವಾ ಬ್ಲೊಂದೆಲ್ ತನ್ನ ಉಪನ್ಯಾಸಗಳ ಮೂಲಕ ಅದನ್ನು ಪ್ರಚಾರಕ್ಕೆ ತಂದುದರಿಂದ ಅದಕ್ಕೆ ಅವನ ಹೆಸರೇ ನಿಂತಿತು. ಸೂತ್ರವು ಅತ್ಯಂತ ಸರಳವಾದುದು. ಕಮಾನಿನ ಒಳಮೈಯ ಚಾಪವನ್ನು ಮೂರು ಸಮಭಾಗಗಳಾಗಿ ಮಾಡಿ, ಪ್ರತಿಯೊಂದು ಭಾಗಕ್ಕೂ ಜ್ಯಾವನ್ನು ಎಳೆಯಬೇಕು. ತುದಿಯ ಜ್ಯಾವನ್ನು ಕಾಲುನೆಲೆಯಿಂದ, ಎಂದರೆ ಕಮಾನು ಗೋಡೆಯ ಮೇಲೆ ಕುಳಿತುಕೊಳ್ಳುವ ಮಟ್ಟದಿಂದ, ಕೆಳಕ್ಕೆ ಅದರಷ್ಟೇ ಉದ್ದ ಮುಂದುವರಿಸಬೇಕು. ಹಾಗೆ ಮುಂದುವರಿಸಿದ ರೇಖೆಯ ತುದಿ ಎಲ್ಲಿ ಬೀಳುವುದೋ ಅಲ್ಲಿಗೆ ಆಸರೆಗೋಡೆಯ ಹೊರಮೈ ಬರಬೇಕು.

ಮೂರು ಜ್ಯಾಗಳೂ ಕಮಾನಿನ ಹರವೂ ಸೇರಿದರೆ ಒಂದು ತ್ರಾಪಿಜ್ಯವಾಗುತ್ತದೆ. ಅರ್ಧವೃತ್ತದ ಕಮಾನಿನಲ್ಲಿ ಈ ತ್ರಾಪಿಜ್ಯವು ಸಮಷಡ್ಭುಜದ ಅರ್ಧ: ಕೆಳಗಿನ ಭುಜವು ವ್ಯಾಸಕ್ಕೆ ಸಮ, ಉಳಿದ ಮೂರು ಭುಜಗಳು ತ್ರಿಜ್ಯಕ್ಕೆ ಸಮ, ಒಳಗೆ ಮೂರು ಸಮಬಾಹು ತ್ರಿಕೋಣಗಳು. ತುದಿಯ ಭುಜವು ನೆಲಕ್ಕೆ ೬೦ ಡಿಗ್ರಿ ಓರೆಯಾಗಿರುವುದರಿಂದ ಅದರ ಅಡ್ಡಳತೆ ತ್ರಿಜ್ಯದ ಅರ್ಧ. ಆದುದರಿಂದ ಗೋಡೆಯ ದಪ್ಪವು ಹರವಿನ ನಾಲ್ಕನೆಯ ಒಂದು ಭಾಗವಾಗುತ್ತದೆ. ಕಮಾನು ತಗ್ಗಿದಷ್ಟೂ ತುದಿಯ ಜ್ಯಾ ಒರಗುತ್ತದೆ, ಗೋಡೆ ದಪ್ಪವಾಗುತ್ತದೆ. ನೆತ್ತಿಯಿಂದ ಎರಡು ಪಕ್ಕಗಳಿಗೂ ೬೦ ಡಿಗ್ರಿಯಷ್ಟೇ ಹರಡಿದ ತಗ್ಗು ಕಮಾನಿಗೆ ಈ ಸೂತ್ರವು ಹರವಿನ ನೂರರಲ್ಲಿ ೩೦ ಭಾಗವನ್ನೂ, ಸಮಬಾಹು ತ್ರಿಕೋಣದ ಮೇಲೆ ಎತ್ತಿದ ಚೂಪುಕಮಾನಿಗೆ ನೂರರಲ್ಲಿ ಸುಮಾರು ೨೩ ಭಾಗವನ್ನೂ ಕೊಡುತ್ತದೆ. ತಗ್ಗು ಕಮಾನು ಹೆಚ್ಚು ನೂಕುತ್ತದೆ, ಚೂಪುಕಮಾನು ಕಡಿಮೆ ನೂಕುತ್ತದೆ ಎಂಬ ಅನುಭವವು ಹೀಗೆ ಒಂದು ಆಕೃತಿಯೊಳಗೆ ಅಡಕವಾಗಿದೆ.

೨. ಲಾ ಈರ್‌ನ ತ್ರಿಕೋಣಗಳು

ಆದರೆ ಈ ತ್ರಾಪಿಜ್ಯದಲ್ಲಿ ಬಲವೆಂಬುದು ಎಲ್ಲಿಯೂ ಇಲ್ಲ. ಕಮಾನಿನೊಳಗಣ ಬಲಗಳನ್ನು ರೇಖೆಗಳಿಂದ ಅಳೆಯುವ ಮೊದಲ ಪ್ರಮುಖ ಪ್ರಯತ್ನವು ಫಿಲಿಪ್ ದ ಲಾ ಈರ್ ಎಂಬ ಪಂಡಿತನು ೧೬೯೫ರಲ್ಲಿ ಪ್ರಕಟಿಸಿದ ಯಂತ್ರಶಾಸ್ತ್ರ ಗ್ರಂಥದಲ್ಲಿ ಕಾಣುತ್ತದೆ.

ಕಮಾನಿನ ಪ್ರತಿಯೊಂದು ಬೆಣೆಗಲ್ಲೂ, ಒಳಗಿನ ಮತ್ತು ಹೊರಗಿನ ಬಾಗುಗಳನ್ನು ಸರಳರೇಖೆಗಳೆಂದೆಣಿಸಿದರೆ, ಒಂದು ತ್ರಾಪಿಜ್ಯ. ಅದರ ಮೇಲೆ ಮೂರು ಬಲಗಳು ಕಾರ್ಯ ಮಾಡುತ್ತವೆ: ಅದರ ಸ್ವಂತ ಭಾರ, ಮತ್ತು ಎರಡು ಪಕ್ಕದ ಕಲ್ಲುಗಳ ಒತ್ತು. ಸಂದುಗಳಲ್ಲಿ ಘರ್ಷಣೆಯೇ ಇಲ್ಲವೆಂದು ಲಾ ಈರ್ ಭಾವಿಸಿದನು. ಆಗ ಒತ್ತುಗಳು ಸಂದುಗಳಿಗೆ ಲಂಬವಾಗಿರಲೇಬೇಕು. ಈ ಮೂರು ಬಲಗಳ ತ್ರಿಕೋಣವನ್ನು ಒಂದು ಸಮಕೋಣದಷ್ಟು ತಿರುಗಿಸಿದರೆ ಅದರ ಎರಡು ಭುಜಗಳು ಸಂದುಗಳ ಗುಂಟವೂ, ಭಾರದ ಭುಜವು ಅಡ್ಡಲಾಗಿಯೂ ಬರುತ್ತವೆ. ಆದುದರಿಂದ ಕಮಾನಿನ ನೆತ್ತಿಯನ್ನು ಮುಟ್ಟುವಂತೆ ಒಂದು ಅಡ್ಡರೇಖೆಯನ್ನೆಳೆದು, ಸಂದುಗಳನ್ನು ಅದರವರೆಗೆ ಹಿಗ್ಗಿಸಿದರೆ, ಆ ರೇಖೆಯ ಮೇಲೆ ತುಂಡಾಗುವ ಭಾಗಗಳೇ ಆಯಾ ಬೆಣೆಗಲ್ಲುಗಳಿಗೆ ಇರಬೇಕಾದ ಭಾರಗಳ ಪ್ರಮಾಣ. ಕಟ್ಟಡದ ಚಿತ್ರವೂ ಬಲದ ಚಿತ್ರವೂ ಒಂದೇ ಕಾಗದದ ಮೇಲೆ ಸೇರಿದುವು. ಇದು ಸಾಮಾನ್ಯ ಸಾಧನೆಯಲ್ಲ.

ಆದರೆ ಫಲಿತಾಂಶವನ್ನು ನೋಡೋಣ. ಅರ್ಧವೃತ್ತವನ್ನು ೨೦ ಡಿಗ್ರಿಗಳ ಒಂಬತ್ತು ಬೆಣೆಗಲ್ಲುಗಳಾಗಿ ವಿಭಾಗಿಸಿ, ನಡುಗಲ್ಲಿನ ಭಾರವನ್ನು ೧ ಎಂದಿಟ್ಟುಕೊಂಡರೆ, ಅದರಿಂದ ಕೆಳಕ್ಕೆ ಕ್ರಮವಾಗಿ ೧.೧೪, ೧.೭೪, ೪.೪೧ರಷ್ಟು ಭಾರಗಳಿರಬೇಕಾಗುತ್ತದೆ. ಕೊನೆಯ ಕಲ್ಲಿನ ಕೆಳಸಂದು ಅಡ್ಡರೇಖೆಗೆ ಸಮಾಂತರವಾದುದರಿಂದ ಅದನ್ನು ಎಂದಿಗೂ ಸಂಧಿಸುವುದಿಲ್ಲ; ಎಂದರೆ ಆ ಕಲ್ಲಿನ ಭಾರವು ಅನಂತವಾಗಿರಬೇಕು. ಸಮಾನ ದಪ್ಪದ ಅರ್ಧವೃತ್ತ ಕಮಾನು ನಿಲ್ಲಲಾರದೆಂದೇ ಈ ಗಣಿತದ ತೀರ್ಪು. ಆದರೆ ಫ್ರಾನ್ಸಿನ ದಕ್ಷಿಣದಲ್ಲಿ ರೋಮನರು ಕಟ್ಟಿದ ಪೋನ್ ದ್ಯು ಗಾರ್ ಎಂಬ ನೀರುಗಾಲುವೆಯ ಅರ್ಧವೃತ್ತ ಕಮಾನುಗಳು ಗಾರೆಯೂ ಇಲ್ಲದೆ ಹತ್ತೊಂಬತ್ತು ಶತಮಾನಗಳಿಂದ ನಿಂತಿವೆ. ಇಲ್ಲಿ ತ್ರಿಕೋಣದ ರಚನೆಯಲ್ಲಿ ತಪ್ಪೇನೂ ಇಲ್ಲ. ಘರ್ಷಣೆಯಿಲ್ಲವೆಂಬ ಊಹೆಯು ಕಲ್ಲಿಗೆ ಹೊಂದುವುದಿಲ್ಲ. ರೇಖಾಗಣಿತವು ತನಗೆ ಕೊಟ್ಟ ಊಹೆಗೆ ನಿಷ್ಠೆಯಿಂದ ಉತ್ತರ ಕೊಡುತ್ತದೆ. ಊಹೆ ಸರಿಯೇ ಎಂದು ತಾನಾಗಿ ವಿಚಾರಿಸುವುದಿಲ್ಲ.

ಲಾ ಈರ್ ೧೭೧೨ರಲ್ಲಿ ಬೇರೊಂದು ದಾರಿಯನ್ನು ಹಿಡಿದನು. ಆಸರೆ ಸಾಲದೆ ಹೋದಾಗ ಕಮಾನು ನೆತ್ತಿಗೂ ಕಾಲುನೆಲೆಗೂ ನಡುವೆ ಒಡೆಯುವುದೆಂದು ಭಾವಿಸಿ, ಮೇಲಿನ ಭಾಗವು ಒಂದೇ ಬೆಣೆಯಂತೆ ಕೆಳಗಿನದನ್ನು ನೂಕುವುದನ್ನು ಲೆಕ್ಕ ಹಾಕಿದನು. ಕಲ್ಲುಗಳು ಜಾರುವುದಿಲ್ಲ, ಸಂದುಗಳಲ್ಲಿ ತಿರುಗಣಿಯಂತೆ ಬಾಯ್ದೆರೆಯುತ್ತವೆ ಎಂಬುದನ್ನು ೧೭೩೦ರಲ್ಲಿ ಕೂಪ್ಲೇ ಸ್ಪಷ್ಟಪಡಿಸಿದನು. ೧೭೭೩ರಲ್ಲಿ ಕೂಲಾಂಬ್, ತಿರುಗಣಿಯ ಸ್ಥಾನವನ್ನು ಮೊದಲೇ ಊಹಿಸದೆ, ಅತಿ ಹೆಚ್ಚಿನ ಅಥವಾ ಅತಿ ಕಡಿಮೆಯ ನೂಕನ್ನು ಕೊಡುವ ಸ್ಥಾನವನ್ನು ಹುಡುಕಬೇಕೆಂದು ತೋರಿಸಿದನು. ತನ್ನ ಭಾರವನ್ನಷ್ಟೇ ಹೊರುವ ಅರ್ಧವೃತ್ತದ ಉಂಗುರವು ನಿಲ್ಲಲು ಬೇಕಾದ ಕನಿಷ್ಠ ದಪ್ಪವು ನಡುತ್ರಿಜ್ಯದ ೦.೧೦೧ರಷ್ಟು ಎಂದು ಕೂಪ್ಲೇ ಕಂಡಿದ್ದನು. ಮುಂದೆ ಹಿಮಯುಗಗಳ ಸಿದ್ಧಾಂತದಿಂದ ಪ್ರಸಿದ್ಧನಾದ ಮಿಲಾಂಕೊವಿಚ್ ೧೯೦೭ರಲ್ಲಿ ಅದನ್ನು ೦.೧೦೭೫ ಎಂದು ತಿದ್ದಿದನು. ಇದು ಬರಿಯ ಪ್ರಮಾಣವೆಂಬುದನ್ನು ವಾಚಕರು ಗಮನಿಸಬೇಕು. ಕಲ್ಲಿನ ಗಟ್ಟಿತನವಾಗಲಿ ಭಾರವಾಗಲಿ ಇದರಲ್ಲಿ ಸೇರಿಲ್ಲ.

೩. ‘ಸೂತ್ರವು ಎತ್ತರವನ್ನು ಮರೆತಿದೆ’

ಈಗ ಬ್ಲೊಂದೆಲ್ ಸೂತ್ರಕ್ಕೆ ಹಿಂತಿರುಗೋಣ. ಅದರ ಮೇಲಿನ ಮುಖ್ಯ ಆಕ್ಷೇಪಣೆಯೆಂದರೆ, ಗೋಡೆಯ ಎತ್ತರವು ಅದರಲ್ಲಿ ಬರುವುದೇ ಇಲ್ಲವೆಂಬುದು. ಕಮಾನಿನ ಅಡ್ಡನೂಕು ಗೋಡೆಯ ತಲೆಯಲ್ಲಿ ಕಾರ್ಯ ಮಾಡುತ್ತದೆ. ಗೋಡೆ ಎತ್ತರವಾದಷ್ಟೂ ಆ ನೂಕು ಅದನ್ನು ಉರುಳಿಸುವ ಶಕ್ತಿ ಹೆಚ್ಚುತ್ತದೆ. ಹೀಗಿರುವಲ್ಲಿ ನಾಲ್ಕು ಮೀಟರ್ ಎತ್ತರದ ಗೋಡೆಗೂ ಹದಿನಾರು ಮೀಟರ್ ಎತ್ತರದ ಗೋಡೆಗೂ ಒಂದೇ ದಪ್ಪವನ್ನು ವಿಧಿಸುವ ಸೂತ್ರವು ಅಶಾಸ್ತ್ರೀಯವಲ್ಲವೆ?

ಆಕ್ಷೇಪಣೆಯನ್ನು ಅಂಕಿಗಳಿಂದ ಪರೀಕ್ಷಿಸೋಣ. ಹರವು ೮ ಮೀಟರ್, ಒಳತ್ರಿಜ್ಯ ೪ ಮೀಟರ್, ಉಂಗುರದ ದಪ್ಪ ೦.೮ ಮೀಟರ್ ಇರುವ ಅರ್ಧವೃತ್ತದ ಕಮಾನು ಅದೇ ಕಲ್ಲಿನ ಗೋಡೆಗಳ ಮೇಲೆ ನಿಂತಿದೆಯೆಂದೂ, ಉಂಗುರದ ಮೇಲೆ ಬೇರೆ ಭಾರವಿಲ್ಲವೆಂದೂ ಇಟ್ಟುಕೊಳ್ಳೋಣ. ಒಂದು ಮೀಟರ್ ಅಗಲದ ಪಟ್ಟಿಯನ್ನು ತೆಗೆದುಕೊಂಡು, ಬಲಗಳನ್ನು ಕಲ್ಲಿನ ಘನಮೀಟರುಗಳಲ್ಲಿ ಅಳೆದರೆ ಅರ್ಧ ಉಂಗುರದ ಭಾರ ೫.೫೩. ಗೋಡೆ ಸರಿಯತೊಡಗಿದಾಗ ಉಂಗುರವು ನೆತ್ತಿಯಲ್ಲಿಯೂ, ನೆತ್ತಿಯಿಂದ ಸುಮಾರು ೬೦ ಡಿಗ್ರಿ ಕೆಳಗೂ ಬಾಯ್ದೆರೆಯುತ್ತದೆ. ಆಗಿನ ಅಡ್ಡನೂಕು ೧.೭೯. ಈ ನೂಕಿಗೆ ಉರುಳದಿರಲು ೪ ಮೀಟರ್ ಎತ್ತರದ ಗೋಡೆಗೆ ೧.೧೭ ಮೀಟರ್ ದಪ್ಪ ಬೇಕು. ೮ ಮೀಟರ್ ಎತ್ತರಕ್ಕೆ ೧.೪೪; ೧೬ ಮೀಟರ್ ಎತ್ತರಕ್ಕೆ ೧.೬೪. ಎತ್ತರವು ಇಮ್ಮಡಿಯಾಗುತ್ತ ಹೋದರೂ ದಪ್ಪದ ಹೆಚ್ಚಳವು ಕುಗ್ಗುತ್ತ ಬರುತ್ತದೆ. ಇದಕ್ಕೆ ಕಾರಣ ಸ್ಪಷ್ಟ. ಉರುಳಿಸುವ ಶಕ್ತಿಯು ನೂಕನ್ನು ಎತ್ತರದಿಂದ ಗುಣಿಸಿದಷ್ಟು. ಗೋಡೆಯ ಸ್ವಂತ ಭಾರದ ಪ್ರತಿರೋಧವು ದಪ್ಪದ ವರ್ಗದ ಅರ್ಧವನ್ನು ಅದೇ ಎತ್ತರದಿಂದ ಗುಣಿಸಿದಷ್ಟು. ಎತ್ತರವು ಎರಡು ಕಡೆಗಳಲ್ಲಿಯೂ ಇರುವುದರಿಂದ, ದಪ್ಪದ ವರ್ಗದ ಅರ್ಧವು ನೂಕಿಗಿಂತ ಕಡಿಮೆಯಾಗದಿದ್ದರೆ ಗೋಡೆಯು ಎಷ್ಟೇ ಎತ್ತರವಾದರೂ ಉರುಳುವುದಿಲ್ಲ. ಈ ಉದಾಹರಣೆಯಲ್ಲಿ ಆ ಮಿತಿಯು ೧.೮೯ ಮೀಟರ್. ಬ್ಲೊಂದೆಲ್ ಸೂತ್ರವು ವಿಧಿಸುವುದು ೨ ಮೀಟರ್.

ಎತ್ತರವನ್ನು ಹೇಳದ ಸೂತ್ರವು ಎಲ್ಲ ಎತ್ತರಗಳಿಗೂ ಸಲ್ಲುವ ಮಿತಿಯ ಅತಿ ಸಮೀಪದಲ್ಲಿದೆ. ಇದು ಶಾಸ್ತ್ರದಿಂದ ಬಂದುದೆಂದು ಹೇಳಲು ಆಧಾರವಿಲ್ಲ. ತಲೆಮಾರುಗಳ ಅನುಭವವು ಒಂದು ಸುಲಭವಾದ ಆಕೃತಿಯಲ್ಲಿ ನೆಲೆಗೊಂಡಿತೆಂದು ಹೇಳಬಹುದು. ಆದರೆ ಆಕ್ಷೇಪಣೆಯು ಸಂಪೂರ್ಣವಾಗಿ ನಿರಾಧಾರವೂ ಅಲ್ಲ. ೨ ಮೀಟರ್ ದಪ್ಪದ ಗೋಡೆಯಲ್ಲಿ ಪ್ರತಿರೋಧವು ಉರುಳಿಸುವ ಶಕ್ತಿಯ ಎಷ್ಟು ಪಾಲು ಎಂದು ನೋಡಿದರೆ, ೪ ಮೀಟರ್ ಎತ್ತರದಲ್ಲಿ ೨.೩೮ರಷ್ಟು, ೮ ಮೀಟರಿನಲ್ಲಿ ೧.೭೫ರಷ್ಟು, ೧೬ ಮೀಟರಿನಲ್ಲಿ ೧.೪೩ರಷ್ಟು ಇರುತ್ತದೆ. ಗೋಡೆಯು ಎಲ್ಲ ಎತ್ತರಗಳಲ್ಲಿಯೂ ನಿಲ್ಲುತ್ತದೆ. ಆದರೆ ಕೈಯಲ್ಲಿ ಮಿಗುವ ಭದ್ರತೆ ಒಂದೇ ಸಮನಾಗಿಲ್ಲ. ಸೂತ್ರವು ಎತ್ತರವನ್ನು ಮರೆತಿಲ್ಲ, ಮರೆಮಾಡಿದೆ ಎನ್ನುವುದು ಹೆಚ್ಚು ಸರಿ. ಉಂಗುರದ ಇಕ್ಕೆಲಗಳನ್ನು ನೆತ್ತಿಯ ಮಟ್ಟದವರೆಗೆ ಕಲ್ಲುಗಾರೆಯಿಂದ ತುಂಬಿದರೆ ನೂಕು ೨.೩೩ಕ್ಕೆ ಏರಿ, ಮಿತಿಯು ೨.೧೬ ಮೀಟರ್ ಆಗುತ್ತದೆ. ಗೋಡೆಯೂ ಅಷ್ಟೆತ್ತರಕ್ಕೆ ಏರಿ ತನ್ನ ಭಾರವನ್ನು ಸೇರಿಸುವುದರಿಂದ ಸಾಮಾನ್ಯ ಎತ್ತರಗಳಲ್ಲಿ ಭಯವಿಲ್ಲವಾದರೂ, ಸೂತ್ರದ ಉದಾರತೆಗೆ ಎಲ್ಲೆಯುಂಟೆಂಬುದು ಇದರಿಂದ ವ್ಯಕ್ತವಾಗುತ್ತದೆ.

೪. ಸೂತ್ರದ ನಿಜವಾದ ದೋಷ

ವಿಮರ್ಶಕರು ದೋಷವನ್ನು ಎತ್ತರದಲ್ಲಿ ಹುಡುಕಿದರು. ಅದು ಇರುವುದು ಶರದಲ್ಲಿ. ಕಮಾನನ್ನು ತಗ್ಗಿಸುತ್ತ ಹೋದರೆ ಮೂರು ಜ್ಯಾಗಳೂ ಒಂದೇ ಸರಳರೇಖೆಯತ್ತ ಬರುತ್ತವೆ. ತ್ರಾಪಿಜ್ಯವು ಚಪ್ಪಟೆಯಾಗಿ, ತುದಿಯ ಜ್ಯಾದ ಅಡ್ಡಳತೆ ಹರವಿನ ಮೂರನೆಯ ಒಂದು ಭಾಗವನ್ನು ಸಮೀಪಿಸುತ್ತದೆ, ಅದನ್ನು ಎಂದಿಗೂ ಮೀರುವುದಿಲ್ಲ. ಆದರೆ ಅದೇ ಹರವು, ಅದೇ ಭಾರಗಳಿರುವಾಗ ಅಡ್ಡನೂಕು ಸುಮಾರಾಗಿ ಶರಕ್ಕೆ ವಿಲೋಮ ಪ್ರಮಾಣದಲ್ಲಿರುತ್ತದೆ: ಶರವು ಅರ್ಧವಾದರೆ ನೂಕು ಇಮ್ಮಡಿ, ಕಾಲುಭಾಗವಾದರೆ ನಾಲ್ಮಡಿ. ಒಂದು ಕಡೆ ಎಲ್ಲೆಯಿಲ್ಲದೆ ಬೆಳೆಯುವ ನೂಕು, ಇನ್ನೊಂದು ಕಡೆ ಮೂರನೆಯ ಒಂದು ಭಾಗಕ್ಕೆ ನಿಂತುಬಿಡುವ ದಪ್ಪ. ಅರ್ಧವೃತ್ತಕ್ಕೂ ಚೂಪುಕಮಾನಿಗೂ ಹೊಂದಿಕೊಂಡ ಸೂತ್ರವನ್ನು ಅತಿ ತಗ್ಗು ಕಮಾನಿಗೆ ಅನ್ವಯಿಸುವುದು ಅಪಾಯಕರ.

ಹದಿನೆಂಟನೆಯ ಶತಮಾನದ ಸೇತುವೆಗಾರರು ಹಿಡಿದುದು ಈ ತಗ್ಗು ಕಮಾನಿನ ದಾರಿಯನ್ನೇ. ಪೆರೊನೇ ಎಂಬ ಎಂಜಿನಿಯರನು ಪ್ಯಾರಿಸಿನ ಬಳಿ ನ್ಯೂಯಿ ಎಂಬಲ್ಲಿ ಕಟ್ಟಿದ ಸೇತುವೆಯಲ್ಲಿ ಸುಮಾರು ೩೯ ಮೀಟರ್ ಹರವಿನ ಐದು ಕಮಾನುಗಳಿದ್ದುವು. ನಡುವಣ ಕಂಬಗಳ ದಪ್ಪವು ೪.೨ ಮೀಟರ್ ಮಾತ್ರ, ಎಂದರೆ ಹರವಿನ ಒಂಬತ್ತನೆಯ ಒಂದು ಭಾಗ. ಒಂದು ಕಮಾನಿನ ನೂಕನ್ನು ಪಕ್ಕದ ಕಮಾನಿನ ನೂಕು ಸರಿದೂಗಿಸುವುದರಿಂದ ನಡುಗಂಬವು ಭಾರವನ್ನಷ್ಟೇ ಹೊತ್ತರೆ ಸಾಕು ಎಂಬುದು ಅವನ ತರ್ಕ. ಅದಕ್ಕಾಗಿಯೇ ಕಮಾನುಗಳ ಕೆಳಗಿನ ಮರದ ಆಧಾರಗಳನ್ನು ೧೭೭೨ರಲ್ಲಿ ಒಂದೊಂದಾಗಿ ಅಲ್ಲದೆ ಎಲ್ಲವನ್ನೂ ಒಟ್ಟಿಗೆ ತೆಗೆಯಬೇಕಾಯಿತು. ಬ್ಲೊಂದೆಲ್ ಸೂತ್ರದ ಕಂಬವು ಒಂಟಿಯಾಗಿಯೂ ನಿಲ್ಲಬಲ್ಲದು. ಪೆರೊನೇಯ ಕಂಬವು ನೆರೆಯವರಿರುವವರೆಗೆ ಮಾತ್ರ ನಿಲ್ಲಬಲ್ಲದು. ಒಂದು ಕಮಾನು ಬಿದ್ದರೆ ಉಳಿದುವೂ ಬೀಳುವ ಸಂಭವವುಂಟು. ಹಳೆಯ ದಪ್ಪಗಂಬಗಳನ್ನು ಅಜ್ಞಾನದ ಫಲವೆಂದು ಹಳಿಯುವವರು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

೫. ಪ್ರಮಾಣ ಮತ್ತು ಗಟ್ಟಿತನ

ಆಕೃತಿಯ ಪ್ರಮಾಣಗಳಿಂದಲೇ ಭದ್ರತೆಯನ್ನು ನಿರ್ಣಯಿಸಬಹುದೆಂಬ ಭಾವನೆಗೆ ಗೆಲಿಲಿಯೋ ೧೬೩೮ರ ಗ್ರಂಥದಲ್ಲಿಯೇ ಬಲವಾದ ಪೆಟ್ಟು ಕೊಟ್ಟಿದ್ದನು. ತೊಲೆಯ ಎಲ್ಲ ಅಳತೆಗಳನ್ನೂ ಇಮ್ಮಡಿಸಿದರೆ ಭಾರವು ಎಂಟುಮಡಿಯಾಗುತ್ತದೆ, ಭಾರ ಹೊರುವ ಕೊಯ್ತವು ನಾಲ್ಮಡಿಯಷ್ಟೇ ಆಗುತ್ತದೆ. ಆದುದರಿಂದ ಚಿಕ್ಕದಕ್ಕೆ ಸಲ್ಲುವ ಪ್ರಮಾಣವು ದೊಡ್ಡದಕ್ಕೆ ಸಲ್ಲದು. ಈ ವಾದವು ತೊಲೆಯ ಮಟ್ಟಿಗೆ ನಿರ್ವಿವಾದ. ಕಮಾನಿಗೂ ಅದು ಅನ್ವಯಿಸುವುದೆ? ಕೇಂಬ್ರಿಜಿನ ಜಾಕ್ವೆಸ್ ಹೇಮನ್ ೧೯೬೬ರ ಪ್ರಬಂಧದಲ್ಲಿ ಈ ಪ್ರಶ್ನೆಗೆ ಕೊಟ್ಟ ಉತ್ತರವು ಹಳೆಯ ಸೂತ್ರಗಳ ಮೌಲ್ಯಮಾಪನವನ್ನೇ ಬದಲಾಯಿಸಿತು. ಕಲ್ಲಿನ ಕಟ್ಟಡಗಳಲ್ಲಿ ಒತ್ತಡವು ಕಲ್ಲಿನ ತಾಳುವ ಶಕ್ತಿಗಿಂತ ಬಹಳ ಕಡಿಮೆ. ಮಧ್ಯಮ ತರದ ಮರಳುಗಲ್ಲಿನ ಕಂಬವೊಂದು ತನ್ನ ಭಾರಕ್ಕೇ ಪುಡಿಯಾಗಬೇಕಾದರೆ ಅದು ಸುಮಾರು ಎರಡು ಕಿಲೋಮೀಟರ್ ಎತ್ತರವಿರಬೇಕು. ಆದುದರಿಂದ ಕಮಾನು ಕೆಡುವುದು ಸಾಮಾನ್ಯವಾಗಿ ಕಲ್ಲು ಪುಡಿಯಾಗಿ ಅಲ್ಲ, ಆಕೃತಿ ಸಾಲದೆ ತಿರುಗಣಿಗಳು ಹುಟ್ಟಿ. ಆಕೃತಿಯ ಭದ್ರತೆಯು ಅಳತೆಯೊಡನೆ ಬದಲಾಗುವುದಿಲ್ಲ. ಮೇಲಿನ ಉದಾಹರಣೆಯನ್ನು ಎಲ್ಲ ಅಳತೆಗಳಲ್ಲಿಯೂ ಇಮ್ಮಡಿಸಿ ಲೆಕ್ಕ ಹಾಕಿದರೂ ಅವೇ ಪಾಲುಗಳು ಬರುತ್ತವೆ. ಗೆಲಿಲಿಯೋವಿನ ನಿಯಮವೂ ಬ್ಲೊಂದೆಲ್‌ನ ಸೂತ್ರವೂ ಪರಸ್ಪರ ವಿರುದ್ಧವಲ್ಲ. ಅವುಗಳ ಕ್ಷೇತ್ರಗಳು ಬೇರೆ.

ಇಲ್ಲಿ ತ್ರಾಪಿಜ್ಯ ತ್ರಿಕೋಣಗಳು ಮತ್ತೊಂದು ವೇಷದಲ್ಲಿ ಕಾಣಿಸಿಕೊಳ್ಳುತ್ತವೆ. ಒಂದು ಸಂದಿನ ಮೇಲೆ ಬೀಳುವ ಒಟ್ಟು ಒತ್ತು ಅದರ ನಟ್ಟನಡುವೆ ಬಿದ್ದರೆ ಒತ್ತಡದ ಚಿತ್ರವು ಆಯತ. ತುಸು ಪಕ್ಕಕ್ಕೆ ಸರಿದರೆ ತ್ರಾಪಿಜ್ಯ. ನಡುವಣ ಮೂರನೆಯ ಭಾಗದ ಅಂಚಿಗೆ ಬಂದರೆ ತ್ರಿಕೋಣ. ಅದನ್ನೂ ದಾಟಿದರೆ ತ್ರಿಕೋಣವು ಕುಗ್ಗಿ, ಸಂದಿನ ಉಳಿದ ಭಾಗವು ಬಾಯ್ದೆರೆಯುತ್ತದೆ. ಒತ್ತು ನಡುವಣ ಮೂರನೆಯ ಭಾಗದಲ್ಲಿಯೇ ಇರಬೇಕೆಂಬ ನಿಯಮವು ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ಬಂದಿತು. ಹೊಸ ಕಟ್ಟಡದ ವಿನ್ಯಾಸಕ್ಕೆ ಅದು ವಿವೇಕದ ನಿಯಮ. ಹಳೆಯ ಕಟ್ಟಡದ ಮೇಲೆ ತೀರ್ಪು ಕೊಡಲು ಸಾಲದು. ಬಿರುಕು ಬಿಟ್ಟ ಸಂದು ಒಂದು ತಿರುಗಣಿ ಮಾತ್ರ. ಮೂರು ತಿರುಗಣಿಗಳಿರುವ ಕಮಾನೂ ಸಮತೋಲದಲ್ಲಿ ನಿಲ್ಲಬಲ್ಲದು. ಅದು ಉರುಳಬೇಕಾದರೆ ನಾಲ್ಕನೆಯದೊಂದು ಹುಟ್ಟಬೇಕು. ಆಸರೆಗಳು ಕೂದಲೆಳೆಯಷ್ಟು ಸರಿದರೂ ಕಮಾನು ಬಿರುಕು ಬಿಟ್ಟು ಅದಕ್ಕೆ ಹೊಂದಿಕೊಳ್ಳುತ್ತದೆ. ಬಿರುಕನ್ನು ಕಂಡೊಡನೆ ಕಟ್ಟಡವು ಸತ್ತಿತೆಂದು ಸಾರುವವನು ತ್ರಿಕೋಣದ ಚಿತ್ರವನ್ನು ಸರಿಯಾಗಿ ಎಳೆದು ತಪ್ಪಾಗಿ ಓದಿದವನು. ಬಿರುಕು ಬೆಳೆಯುತ್ತಿದೆಯೆ, ಆಸರೆ ಇನ್ನೂ ಸರಿಯುತ್ತಿದೆಯೆ ಎಂಬುದನ್ನು ಅಳೆದು ನೋಡುವುದು ಮೊದಲ ಕರ್ತವ್ಯ.

೬. ನಮ್ಮ ನಾಡಿನ ಅಧ್ಯಯನಕ್ಕೆ ಎರಡು ಮಾತು

ಈ ವಿಚಾರವನ್ನು ಕರ್ಣಾಟಕದ ಕಟ್ಟಡಗಳಿಗೆ ಅನ್ವಯಿಸುವವರು ಮೊದಲು ಸಂದುಗಳ ದಿಕ್ಕನ್ನು ನೋಡಬೇಕು. ಹೊಯ್ಸಳರ ದೇವಾಲಯಗಳ ಮೇಲ್ಛಾವಣಿಗಳಲ್ಲಿ ಕಲ್ಲುಗಳು ಮಟ್ಟಸವಾಗಿ ಮಲಗಿ ಒಂದರ ಮೇಲೊಂದು ಮುಂಚಾಚಿವೆ. ಹೊರನೋಟಕ್ಕೆ ಗುಮ್ಮಟದಂತೆ ಕಂಡರೂ ಅಲ್ಲಿ ಬೆಣೆಗಲ್ಲಿನ ತ್ರಾಪಿಜ್ಯವಿಲ್ಲ. ಅಂಥ ಕಟ್ಟಡಕ್ಕೆ ಬ್ಲೊಂದೆಲ್ ಸೂತ್ರವನ್ನು ಹಚ್ಚುವುದು ನಿರರ್ಥಕ. ಕಲಬುರ್ಗಿಯ ಕೋಟೆಯಲ್ಲಿ ೧೩೬೭ರಲ್ಲಿ ಕಟ್ಟಿದ ಜಾಮಿ ಮಸೀದಿಯ ಪಕ್ಕದ ಅಂಕಣಗಳ ಸಂಗತಿ ಬೇರೆ. ಅಲ್ಲಿ ಕಮಾನುಗಳ ಹರವು ದೊಡ್ಡದು, ಕಾಲುನೆಲೆ ನೆಲಕ್ಕೆ ಬಹಳ ಸಮೀಪ. ಇದನ್ನು ಅಲಂಕಾರದ ದೃಷ್ಟಿಯಿಂದ ವರ್ಣಿಸಿದವರುಂಟು. ಮೇಲಿನ ಲೆಕ್ಕದ ಬೆಳಕಿನಲ್ಲಿ ಅದರ ಬಲಶಾಸ್ತ್ರದ ಅರ್ಥವೂ ತೋರುತ್ತದೆ. ಆಸರೆಯ ಎತ್ತರವು ಕಡಿಮೆಯಾದಷ್ಟೂ ಮಿಗುವ ಭದ್ರತೆ ಹೆಚ್ಚು. ದೆರಾಂನ ಗ್ರಂಥಕ್ಕೆ ೨೭೬ ವರ್ಷ ಹಿಂದಿನ ಈ ಕಟ್ಟಡಕ್ಕೂ ಫ್ರೆಂಚ್ ಸೂತ್ರಕ್ಕೂ ಸಂಬಂಧವನ್ನು ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಒಂದೇ ಬಲಶಾಸ್ತ್ರಕ್ಕೆ ಬೇರೆ ಬೇರೆ ನಾಡಿನ ಕುಶಲಿಗಳು ಬೇರೆ ಬೇರೆ ಆಕೃತಿಗಳಿಂದ ಉತ್ತರ ಕೊಟ್ಟರೆಂಬುದಷ್ಟೇ ನಮ್ಮ ಮಾತು.

ಇಂಥ ಅಧ್ಯಯನಕ್ಕೆ ದುಬಾರಿ ಉಪಕರಣಗಳು ಬೇಕಿಲ್ಲ. ವೃತ್ತಖಂಡದ ಕಮಾನಾದರೆ ಹರವು ಮತ್ತು ಶರಗಳನ್ನು ಅಳೆದರೆ ವೃತ್ತವೇ ದೊರೆಯುತ್ತದೆ. ಅರ್ಧಜ್ಯಾದ ವರ್ಗವು, ಶರವನ್ನು ವ್ಯಾಸದಲ್ಲಿ ಶರ ಕಳೆದುಳಿದ ಭಾಗದಿಂದ ಗುಣಿಸಿದಷ್ಟಾಗುತ್ತದೆಂಬ ಸಂಬಂಧವು ಭಾಸ್ಕರಾಚಾರ್ಯನ ಲೀಲಾವತಿಯನ್ನು ಓದಿದವರಿಗೆ ಪರಿಚಿತವಾದುದೇ. ಹರವು ೧೨ ಮೀಟರ್, ಶರ ೨ ಮೀಟರ್ ಇದ್ದರೆ ೩೬ನ್ನು ೨ರಿಂದ ಭಾಗಿಸಿ ೧೮, ಅದಕ್ಕೆ ಶರವನ್ನು ಕೂಡಿಸಿ ವ್ಯಾಸ ೨೦ ಮೀಟರ್. ಅಲ್ಲಿಂದ ಮುಂದೆ ಉಂಗುರದ ದಪ್ಪ, ಆಸರೆಯ ಎತ್ತರ ಮತ್ತು ದಪ್ಪಗಳನ್ನು ಗುರುತಿಸಿಕೊಂಡರೆ ಬಲಗಳ ತ್ರಿಕೋಣವನ್ನು ಕಾಗದದ ಮೇಲೆಯೇ ಎಳೆಯಬಹುದು.

ಒಟ್ಟಿನಲ್ಲಿ, ಹಳೆಯ ಸೂತ್ರವೊಂದನ್ನು ವಿಮರ್ಶಿಸುವಾಗ ಅದು ಯಾವ ಸಂಗತಿಗಳನ್ನು ಬಾಯಿಬಿಟ್ಟು ಹೇಳಿಲ್ಲವೆಂದು ಪಟ್ಟಿ ಮಾಡಿದರೆ ಸಾಲದು. ಹೇಳದೆ ಬಿಟ್ಟ ಸಂಗತಿಯಿಂದ ಉತ್ತರವು ಎಷ್ಟು ಕೆಡುತ್ತದೆಂದು ಲೆಕ್ಕ ಹಾಕಿ ತೋರಿಸಬೇಕು. ಹಾಗೆ ನೋಡಿದಾಗ ಬ್ಲೊಂದೆಲ್‌ನ ತ್ರಾಪಿಜ್ಯವು ಅರ್ಧವೃತ್ತದ ಆಸುಪಾ​ಸಿನಲ್ಲಿ ನಂಬತಕ್ಕುದು, ತಗ್ಗು ಕಮಾನಿನಲ್ಲಿ ನಂಬತಕ್ಕುದಲ್ಲ; ಲಾ ಈರ್‌ನ ತ್ರಿಕೋಣವು ವಿಧಾನದಲ್ಲಿ ಸರಿ, ಊಹೆಯಲ್ಲಿ ತಪ್ಪು; ನಡುವಣ ಮೂರನೆಯ ಭಾಗದ ನಿಯಮವು ಎಚ್ಚರಿಕೆಯಾಗಿ ಸರಿ, ಮರಣದಂಡನೆಯಾಗಿ ತಪ್ಪು. ರೇಖಾಗಣಿತದ ಪ್ರತಿಯೊಂದು ಆಕೃತಿಗೂ ಅದರದರ ಎಲ್ಲೆಯನ್ನು ಗೊತ್ತುಮಾಡಿ ಕೊಟ್ಟಾಗ ಮಾತ್ರ, ನಿಂತಿರುವ ಕಟ್ಟಡಗಳ ಬಗೆಗೆ ನಮ್ಮ ತೀರ್ಪುಗಳಿಗೆ ಆಧಾರ ದೊರೆಯುತ್ತದೆ.